ಗಾಂಧಿ ಕ್ಲಾಸಿನಿಂದ: ಸ್ಟೇಷನ್ ಬಂತು, ಡಬ್ಬಿ ಬರಲಿಲ್ಲ!



ಹೋದ ವಾರ ಬಸವಕಲ್ಯಾಣದಿಂದ ಒಂದು ಕಾಗದ ಬಂತು. ಬರೆದವನು ಅಲ್ಲಿಯ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಹುಡುಗ. ಅಕ್ಷರ ಸೊಟ್ಟ, ಪ್ರಶ್ನೆ ಮಾತ್ರ ನೆಟ್ಟಗೆ:

‘ಸರ್, ಪಿಕ್ಚರಿನಾಗ ಹೀರೋ ಬರೋದು ರೈಲಿನಾಗ, ಹೀರೋಯಿನ್ ಬಿಟ್ಟು ಹೋಗೋದೂ ರೈಲಿನಾಗ. ನಮ್ಮೂರಾಗ ಸ್ಟೇಷನ್ನೇ ಇಲ್ಲ. ಹಂಗಾದ್ರ ನಾವು ಲವ್ ಎಲ್ಲಿ ಮಾಡ್ಬೇಕ್ರಿ? ಹಳೇ ಕಾಲದ್ದು ಒಂದು ಸ್ಟೇಷನ್ ಇದ್ದಿದ್ರ ಶೂಟಿಂಗ್‌ನವರಾದ್ರೂ ಬರ್ತಿದ್ರು. ನೀವು ಹುಮನಾಬಾದ್‌ನವರು, ನಿಮಗ ಸ್ಟೇಷನ್ ಬಂದದ. ಚೈನಿ ಮಾಡ್ರಿ!’

ಚೈನಿ! ತಮ್ಮಾ, ಈ ಮಾತು ಓದಿ ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಯಾಕೆ ಅಂತ ಕೊನೆಗೆ ಹೇಳ್ತೇನೆ. ಈ ವಾರ ಯಾವ ನಟನ ಸುದ್ದಿಯೂ ಇಲ್ಲ, ಯಾವ ನಟಿಯ ಗುಟ್ಟೂ ಇಲ್ಲ. ಈ ವಾರದ ಹೀರೋ ರೈಲ್ವೆ ಸ್ಟೇಷನ್ನು.

ಹೇಳಿ ಕೇಳಿ ಸಿನಿಮಾ ಹುಟ್ಟಿದ್ದೇ ಸ್ಟೇಷನ್ನಿನ ಮಗ್ಗುಲಲ್ಲಿ. ಫ್ರಾನ್ಸ್ ದೇಶದ ದಕ್ಷಿಣಕ್ಕೆ, ಸಮುದ್ರದ ದಂಡೆಯ ಮೇಲೆ ಲಾ ಸಿಯೋಟಾ ಅಂತ ಸಣ್ಣ ಊರು. ಅಲ್ಲಿಯ ಪ್ಲಾಟ್‌ಫಾರಂ ಮೇಲೆ ಲೂಮಿಯೇರ್ ಸಹೋದರರು ತಮ್ಮ ಕ್ಯಾಮರಾ ನಿಲ್ಲಿಸಿ, ರೈಲು ಬಂದು ನಿಲ್ಲುವುದನ್ನು ಚಿತ್ರ ತೆಗೆದರು. ಬರೀ 50 ಸೆಕೆಂಡಿನ ಪಿಕ್ಚರ್. ಕಥೆ ಇಲ್ಲ, ಹಾಡಿಲ್ಲ, ಫೈಟಿಂಗ್ ಇಲ್ಲ. ರೈಲು ಬರುತ್ತದೆ, ಜನ ಇಳಿಯುತ್ತಾರೆ, ಹತ್ತುತ್ತಾರೆ, ಅಷ್ಟೇ. ಪರದೆಯ ಮೇಲೆ ರೈಲು ಎದುರಿಗೆ ಬಂದದ್ದು ನೋಡಿ ಜನ ಕುರ್ಚಿ ಬಿಟ್ಟು ಓಡಿದರು ಅನ್ನುವ ಕಥೆ ಆಗಿನಿಂದ ನಡೆದು ಬಂದಿದೆ. ಕಥೆ ಖರೆಯೋ ಸುಳ್ಳೋ, ಹೇಳುವವರಿಗೆ ಬೇಸರ ಇಲ್ಲ, ಕೇಳುವವರಿಗೂ ಇಲ್ಲ! 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದ ಮೊದಲ ಸಿನಿಮಾ ಪ್ರದರ್ಶನ ಆಯಿತು. ಆ ದಿನ ತೋರಿಸಿದ ತುಣುಕುಗಳಲ್ಲಿ ರೈಲು ಬರುವ ಪಿಕ್ಚರೂ ಒಂದು. ಟಿಕೆಟ್ ಒಂದು ರೂಪಾಯಿ. ಆಗಿನ ಒಂದು ರೂಪಾಯಿ, ಸ್ವಾಮಿ!

ಅಲ್ಲಿಂದ ಇಲ್ಲಿಯ ತನಕ ಸಿನಿಮಾ ರೈಲಿನ ಬೆನ್ನು ಬಿಟ್ಟಿಲ್ಲ. 1969ರ ‘ಆರಾಧನಾ’ದಲ್ಲಿ ಡಾರ್ಜಿಲಿಂಗ್‌ನ ಪುಟ್ಟ ರೈಲಿನ ಪಕ್ಕ ಜೀಪಿನಲ್ಲಿ ರಾಜೇಶ್ ಖನ್ನಾ ಹಾಡುತ್ತಾ ಹೋದ, ದೇಶದ ಹುಡುಗಿಯರೆಲ್ಲ ಕಿಟಕಿ ಪಕ್ಕದ ಸೀಟು ಕೇಳತೊಡಗಿದರು. 1975ರ ‘ಶೋಲೆ’ ಶುರುವಾಗುವುದೇ ಸ್ಟೇಷನ್ನಿನಲ್ಲಿ ರೈಲು ಬಂದು ನಿಲ್ಲುವುದರಿಂದ. 1983ರ ‘ಕೂಲಿ’ಯಲ್ಲಿ ಅಮಿತಾಭನ ತೋಳಿನ ಮೇಲೆ 786 ನಂಬರಿನ ಬಿಲ್ಲೆ. ಹೀರೋ ಬಡವ ಅಂತ ತೋರಿಸಬೇಕೋ, ಪ್ಲಾಟ್‌ಫಾರಂ ಮೇಲೆ ಮಲಗಿಸು. ಅಣ್ಣ ತಮ್ಮ ಅಗಲಬೇಕೋ, ರೈಲು ಬಿಡು. ಸ್ಟೇಷನ್ ಇಲ್ಲದಿದ್ದರೆ ಅರ್ಧ ಕಥೆಗಾರರು ಮನೆಯಲ್ಲಿ ಕೂಡಬೇಕಾಗಿತ್ತು.

ನಮ್ಮ ಶಂಕರ್‌ನಾಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಅನ್ನುವುದು ಕಾಗದದ ಮೇಲಿನ ಊರು, ಯಾವ ನಕಾಶೆಯಲ್ಲೂ ಇಲ್ಲ. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ಗೆ ಸ್ಟೇಷನ್ ಬೇಕಾದಾಗ ಶಿವಮೊಗ್ಗ ಜಿಲ್ಲೆಯ ಅರಸಾಳು ಅನ್ನುವ ಸಣ್ಣ ಸ್ಟೇಷನ್ನೇ ಮಾಲ್ಗುಡಿ ಆಯಿತು. ಶಂಕರ್ 1990ರಲ್ಲಿ ಹೋಗಿಬಿಟ್ಟ. ಅರಸಾಳಿನ ಹಳೇ ಕಟ್ಟಡ ಪಾಳು ಬಿದ್ದಿತ್ತು. 2020ರಲ್ಲಿ ರೈಲ್ವೆಯವರೇ ಅದನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಈಗ ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ನೋಡಿದಿರಾ ತಮಾಷೆ! ಇಲ್ಲದ ಊರಿಗೆ ಸ್ಟೇಷನ್ ಇದೆ. ಚಾಲುಕ್ಯರ ರಾಜಧಾನಿಯಾಗಿದ್ದ, 12ನೇ ಶತಮಾನದಲ್ಲಿ ಬಸವಣ್ಣ ಬಾಳಿದ, 2019ರಲ್ಲಿ ನಮ್ಮ ಇಡೀ ಭಾಗಕ್ಕೆ ‘ಕಲ್ಯಾಣ ಕರ್ನಾಟಕ’ ಅಂತ ಹೆಸರು ಬಂದಾಗ ಎಲ್ಲರ ಬಾಯಲ್ಲೂ ಇದ್ದ ಕಲ್ಯಾಣಕ್ಕೆ ಸ್ಟೇಷನ್ ಇಲ್ಲ! ಮುಂಬಯಿಗೆ ದುಡಿಯಲು ಹೋದ ಕಲ್ಯಾಣದ ಹುಡುಗ ‘ನಮ್ಮೂರು ಕಲ್ಯಾಣ’ ಅಂದರೆ, ಅಲ್ಲಿಯವರು ‘ಲೋಕಲ್‌ನಲ್ಲಿ ಬಂದ್ಯಾ?’ ಅಂತ ಕೇಳ್ತಾರೆ. ಅವರಿಗೆ ಗೊತ್ತಿರುವುದು ಕಲ್ಯಾಣ್ ಜಂಕ್ಷನ್. ಅಲ್ಲಿಗೆ ರೈಲು ಬಂದದ್ದು 1854ರಲ್ಲಿ. ನಮ್ಮ ಕಲ್ಯಾಣ ಇನ್ನೂ ಬಸ್ಸಿನಲ್ಲೇ ಇದೆ.

* * *

ಯಾಕೆ ಹೀಗಾಯಿತು? ಸ್ವಲ್ಪ ನಕಾಶೆ ಬಿಡಿಸೋಣ.

ಮುಂಬಯಿಯಿಂದ ಮದ್ರಾಸಿಗೆ ಇಂಗ್ಲಿಷರ ಕಂಪನಿ ಹಾಕಿದ ಹಳಿ ಸೊಲ್ಲಾಪುರ, ಗುಲಬರ್ಗಾ, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ನಿಜಾಮ ಸರಕಾರಕ್ಕೆ ಹೈದರಾಬಾದಿಗೆ ರೈಲು ಬೇಕಾಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಆಮೇಲೆ ವಿಕಾರಾಬಾದಿನಿಂದ ಬೀದರ್, ಉದಗೀರ್ ಮೇಲೆ ಪರಳಿಗೆ ಇನ್ನೊಂದು ಹಳಿ. ಈ ಮೂರನ್ನೂ ಕೈಯಲ್ಲಿ ಗೀಚಿ ನೋಡ್ರಿ. ದಕ್ಷಿಣಕ್ಕೆ ಹಳಿ, ಪೂರ್ವಕ್ಕೆ ಹಳಿ, ಉತ್ತರಕ್ಕೆ ಹಳಿ, ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಹುಮನಾಬಾದ್, ಬಸವಕಲ್ಯಾಣ. ಒಂದೇ ನಾಡಿನ ಬೀದರ್‌ನಿಂದ ಗುಲಬರ್ಗಾಕ್ಕೆ ರೈಲಿನಲ್ಲಿ ಹೋಗಬೇಕಾದರೆ ವಿಕಾರಾಬಾದ್, ತಾಂಡೂರು, ವಾಡಿ ಸುತ್ತಿಕೊಂಡು ಹೋಗಬೇಕಾಗಿತ್ತು. ಎಡಗಿವಿ ಮುಟ್ಟಲು ಬಲಗೈ ತಲೆಯ ಹಿಂದಿನಿಂದ ತಂದ ಹಾಗೆ!

ಸಿನಿಮಾದವರ ನಕಾಶೆಯೂ ಇದೇ ರೀತಿ. ಚಿತ್ರ ಹಂಚಿಕೆದಾರರು ದೇಶವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದಾರೆ. ಹಿಂದಿ ಪಿಕ್ಚರಿನ ಲೆಕ್ಕದಲ್ಲಿ ನಮ್ಮ ಬೀದರ್, ಗುಲಬರ್ಗಾ, ರಾಯಚೂರು ಕಡೆಯವೆಲ್ಲ ‘ನಿಜಾಮ್ ಏರಿಯಾ’. ನಿಜಾಮನ ರಾಜ್ಯ ಹೋದದ್ದು 1948ರಲ್ಲಿ, ನಾವು ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆದರೆ ಪಿಕ್ಚರಿನ ಪುಸ್ತಕದಲ್ಲಿ ನಿಜಾಮ ಇನ್ನೂ ಸಿಂಹಾಸನ ಬಿಟ್ಟು ಇಳಿದಿರಲಿಲ್ಲ. ಅದಕ್ಕೇ ನಾನು ಹುಡುಗನಾಗಿದ್ದಾಗ ಹುಮನಾಬಾದಿನ ಟಾಕೀಜಿಗೆ ಹಿಂದಿ ಪಿಕ್ಚರಿನ ಡಬ್ಬಿ ಹೈದರಾಬಾದಿನಿಂದ ಹೆದ್ದಾರಿಯ ಬಸ್ಸಿನಲ್ಲಿ ಸರಳವಾಗಿ ಬರುತ್ತಿತ್ತು. ಕನ್ನಡ ಪಿಕ್ಚರಿನ ಡಬ್ಬಿ ಮಾತ್ರ ಬೆಂಗಳೂರಿನಿಂದ ಗುಂತಕಲ್, ರಾಯಚೂರು, ವಾಡಿ ದಾಟಿ ಗುಲಬರ್ಗಾ ಸ್ಟೇಷನ್ನಿಗೆ ಬಂದು, ಅಲ್ಲಿಂದ ಬಸ್ಸಿನ ತಲೆ ಮೇಲೆ ಎರಡು ತಾಸು ಕುಲುಕಿಸಿಕೊಂಡು ಬರಬೇಕಾಗಿತ್ತು. ಸ್ವಂತ ಭಾಷೆಯ ಪಿಕ್ಚರಿಗೆ ದೂರದ ದಾರಿ!

ಈಗಿನ ಹುಡುಗರಿಗೆ ಡಬ್ಬಿ ಅಂದರೆ ಊಟದ ಡಬ್ಬಿ. ನಮಗೆ ಡಬ್ಬಿ ಅಂದರೆ ಸಾಕ್ಷಾತ್ ಸಿನಿಮಾ. ರೀಲು ಒಂದು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ತಾಸಿನ ಪಿಕ್ಚರ್ ಅಂದರೆ 14,000 ಅಡಿಯ ಹತ್ತಿರ. ಅಷ್ಟನ್ನು ಸುತ್ತಿ ತಗಡಿನ ಡಬ್ಬಿಗಳಲ್ಲಿ ತುಂಬಿದರೆ ಒಬ್ಬನೇ ಎತ್ತಿದವನ ಸೊಂಟ ಹಿಡಿಯಿತು ಅಂತಲೇ ಲೆಕ್ಕ. ನನ್ನ ಕಾಕಾ ಇಪ್ಪತ್ತು ವರ್ಷ ಎತ್ತಿದ. ಅವನು ಟಾಕೀಜಿನ ಆಪರೇಟರ್.

* * *

1979ರ ಬೇಸಿಗೆ. ರಾಜಕುಮಾರ್ ಮೂರು ಪಾತ್ರ ಮಾಡಿದ ‘ಶಂಕರ್ ಗುರು’ ಕಡೆಗೂ ನಮ್ಮೂರಿಗೆ ಬರುವುದಿತ್ತು. ಬೆಂಗಳೂರಿನವರು ಹೋದ ವರ್ಷವೇ ನೋಡಿ ಮರೆತಿದ್ದರು, ನಮಗೆ ಅದೇ ಹೊಸದು. ಶುಕ್ರವಾರ ಸಂಜೆ ಮೊದಲ ಆಟ. ಡಬ್ಬಿ ತರಲು ಕಾಕಾ ನಸುಕಿನಲ್ಲೇ ಗುಲಬರ್ಗಾಕ್ಕೆ ಹೊರಟ. ನನಗಾಗ ಹದಿಮೂರು. ಹಟ ಮಾಡಿ ಬೆನ್ನು ಹತ್ತಿದೆ. ರೈಲನ್ನು ಪರದೆ ಮೇಲೆ ನೂರು ಸಲ ನೋಡಿದ್ದೆ, ಕಣ್ಣೆದುರಿಗೆ ಒಮ್ಮೆಯೂ ನೋಡಿರಲಿಲ್ಲ.

ಗುಲಬರ್ಗಾ ಸ್ಟೇಷನ್ನಿನಲ್ಲಿ ರೈಲು ಬಂದಾಗ ನಾನು ಓಡಲಿಲ್ಲ. ಕಾಕಾನ ಅಂಗಿ ಹಿಡಿದು ನಿಂತಿದ್ದೆ, ಅಷ್ಟೇ! ಕಲ್ಲಿದ್ದಲ ಹೊಗೆ, ಚಹಾ ಮಾರುವವರ ಕೂಗು, ಕೆಂಪಂಗಿ ಹಮಾಲರು... ಇದನ್ನೆಲ್ಲ ನಾನು ಸೆಟ್ಟಿಂಗ್ ಅಂದುಕೊಂಡಿದ್ದೆ. ಖರೆ ಇತ್ತು.

ಆದರೆ ಪಾರ್ಸೆಲ್ ಆಫೀಸಿನಲ್ಲಿ ಸಿಕ್ಕಿದ್ದು ಒಂದೇ ಪೆಟ್ಟಿಗೆ. ಇಂಟರ್‌ವೆಲ್ ತನಕದ ರೀಲು ಮಾತ್ರ. ಉಳಿದ ಅರ್ಧ ಎಲ್ಲೋ ನಡುವೆ ಉಳಿದಿತ್ತು. ‘ಸಂಜಿ ಗಾಡಿಗಿ ಬರ್ತದ’ ಅಂದರು. ಕಾಕಾ ಒಂದು ಗಳಿಗೆ ಯೋಚಿಸಿದ. ಇದ್ದ ಪೆಟ್ಟಿಗೆಯನ್ನು ಹುಮನಾಬಾದ್ ಬಸ್ಸಿಗೆ ಹಾಕಿ, ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟ. ‘ಮೊದಲ ಆಟ ಚಾಲೂ ಮಾಡ್ರಿ. ಇಂಟರ್‌ವೆಲ್ ಆಗೋದ್ರೊಳಗ ನಾ ಬರ್ತೀನಿ.’

ಸಂಜೆ ಗಾಡಿ ಬಂತು, ಪೆಟ್ಟಿಗೆಯೂ ಬಂತು. ಬಸ್ಸು ಹೋಗಿತ್ತು. ಹುಮನಾಬಾದ್ ಕಡೆ ಹೊರಟ ಒಂದು ಲಾರಿಗೆ ಕೈ ಮಾಡಿ ಹತ್ತಿದೆವು. ಕಮಲಾಪುರ ದಾಟುವ ತನಕ ಎಲ್ಲ ಸರಿ. ಮುಂದೆ ಮರಗುತ್ತಿ ಕಡೆಯ ಗುಡ್ಡದಲ್ಲಿ ಢಂ! ಟೈರು ಹೋಯಿತು. ಸ್ಟೆಪ್ನಿ ಮೊದಲೇ ಪಂಕ್ಚರ್. ಕತ್ತಲೆ, ಗುಡ್ಡ, ನಾವು, ಪೆಟ್ಟಿಗೆ. ಅದರೊಳಗೆ ರಾಜಕುಮಾರ್!

ಕಾಕಾ ಪೆಟ್ಟಿಗೆ ಮೇಲೆ ಕೂತು ಕೈಗಡಿಯಾರ ನೋಡುತ್ತಿದ್ದ. ‘ಈಗ ಇಂಟರ್‌ವೆಲ್ ಆತು’ ಅಂದ. ಸ್ವಲ್ಪ ಹೊತ್ತು ಬಿಟ್ಟು ‘ಈಗ ಸೀಟಿ ಹೊಡೀಲತ್ತಾರ’ ಅಂದ. ಇನ್ನೂ ಸ್ವಲ್ಪ ಹೊತ್ತಿಗೆ ಸುಮ್ಮನಾದ. ಆಮೇಲೆ ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ:

‘ತಮ್ಮಾ, ನಮ್ಮೂರಾಗ ಒಂದು ಸ್ಟೇಷನ್ ಇದ್ದಿದ್ರ ನಾ ಕೈಗಾಡಿ ತೊಗೊಂಡು ಹೋಗಿ ಅರ್ಧ ತಾಸಿನಾಗ ತರ್ತಿದ್ದೆ.’

ನಾವು ಟಾಕೀಜು ಮುಟ್ಟಿದಾಗ ರಾತ್ರಿ ಹನ್ನೊಂದು ಹತ್ತಿರ ಬಂದಿತ್ತು. ಆ ಇಂಟರ್‌ವೆಲ್ ಮೂರು ತಾಸು! ಕನ್ನಡ ಚಿತ್ರರಂಗದ ಯಾವ ದಾಖಲೆ ಪುಸ್ತಕದಲ್ಲೂ ಇದು ಬಂದಿಲ್ಲ. ಮಾಲಕರು ಇದ್ದ ಸ್ಲೈಡುಗಳನ್ನೆಲ್ಲ ತೋರಿಸಿ, ಇದ್ದ ಗ್ರಾಮಫೋನ್ ತಟ್ಟೆಗಳನ್ನೆಲ್ಲ ಹಾಕಿ, ಕಡೆಗೆ ಜನ ಕುರ್ಚಿ ಮುರಿಯುವ ಮೊದಲು ಟಿಕೆಟ್ ಹಣ ವಾಪಸು ಕೊಟ್ಟಿದ್ದರು. ಆದರೂ ಗಾಂಧಿ ಕ್ಲಾಸಿನಲ್ಲಿ ನಲವತ್ತು ಮಂದಿ ಎದ್ದಿರಲಿಲ್ಲ. ಹಣ ಬೇಡ, ಪಿಕ್ಚರ್ ಬೇಕು! ಅವರಲ್ಲಿ ನಾಲ್ಕು ಜನ ಬಸವಕಲ್ಯಾಣದಿಂದ ಸೈಕಲ್ ತುಳಿದು ಬಂದ ಹುಡುಗರು. ಲಾರಿ ನಿಂತ ಸಪ್ಪಳ ಕೇಳಿ ಓಡಿ ಬಂದವರು ಅವರೇ. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಜೈಕಾರ ಹಾಕುತ್ತಾ, ವೀರಭದ್ರ ದೇವರ ಪಲ್ಲಕ್ಕಿ ಒಯ್ದ ಹಾಗೆ ಆಪರೇಟರ್ ರೂಮಿಗೆ ಒಯ್ದರು. ಕಾಕಾ ಕಾರ್ಬನ್ ಕಡ್ಡಿ ಹಚ್ಚಿದ. ನಲವತ್ತು ಮಂದಿಗೆ ಉಳಿದರ್ಧ ತೋರಿಸಿದ. ಆ ರಾತ್ರಿ ಬಿದ್ದ ಸೀಟಿ ಹೌಸ್‌ಫುಲ್ ಇದ್ದಾಗಲೂ ನಾನು ಕೇಳಿಲ್ಲ.

ಇಲ್ಲಿಗೇ ‘ಶುಭಂ’ ಅಂತ ಹಾಕಿದ್ದರೆ ಚಲೋ ಇತ್ತು. ಆದರೆ ಇದು ಪಿಕ್ಚರ್ ಅಲ್ಲ. ವಾಪಸು ಕೊಟ್ಟ ಟಿಕೆಟ್ ಹಣವನ್ನು ಮಾಲಕರು ಕಾಕಾನ ಪಗಾರದಲ್ಲಿ ಮೂರು ತಿಂಗಳು ಮುರಿದುಕೊಂಡರು. ‘ಚೀಟಿ ಬರೆದು ಆಟ ಚಾಲೂ ಮಾಡಿಸಿದವ ನೀನೇ ಅಲ್ಲೇನು?’ ಅಂದರಂತೆ. ಆ ಜೂನ್ ತಿಂಗಳಲ್ಲಿ ಕಾಕಾನ ಮಗಳು ಏಳನೇ ತರಗತಿಗೆ ಹೋಗಬೇಕಾಗಿತ್ತು. ಪುಸ್ತಕಕ್ಕೆ ರೊಕ್ಕ ಇರಲಿಲ್ಲ. ‘ಮುಂದಿನ ವರ್ಷ ಹೋಗ್ತಾಳ ಬಿಡು’ ಅಂದರು. ಆ ಮುಂದಿನ ವರ್ಷ ಬರಲೇ ಇಲ್ಲ. ಮದುವೆ ಬಂತು.

ತಪ್ಪು ಯಾರದು? ಪೆಟ್ಟಿಗೆ ಬಿಟ್ಟವನದೋ, ಟೈರಿನದೋ, ಮಾಲಕರದೋ? ಕಾಕಾ ಮಾತ್ರ ಯಾರನ್ನೂ ಬೈಯಲಿಲ್ಲ. ಬೈದದ್ದು ಒಂದನ್ನೇ, ಇಲ್ಲದ ಸ್ಟೇಷನ್ನನ್ನು.

* * *

ಸ್ಟೇಷನ್ ಬರುತ್ತದೆ ಅನ್ನುವ ಸುದ್ದಿ ನಮ್ಮೂರಿನಲ್ಲಿ ಚುನಾವಣೆಗೊಮ್ಮೆ ರಿಲೀಸ್ ಆಗುತ್ತಿತ್ತು. ಬೀದರ್–ಗುಲಬರ್ಗಾ ನಡುವಿನ 110 ಕಿಲೋಮೀಟರ್ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1990ರ ದಶಕದ ಕೊನೆಗೆ. ಆಗಿನ ಅಂದಾಜು ಖರ್ಚು ಸುಮಾರು 370 ಕೋಟಿ. ಮುಗಿಯುವ ಹೊತ್ತಿಗೆ 1,542 ಕೋಟಿ! ಯಾವ ನಿರ್ಮಾಪಕನ ಬಜೆಟ್ಟೂ ಹೀಗೆ ಬೆಳೆದದ್ದಿಲ್ಲ. ಇಪ್ಪತ್ತು ವರ್ಷ ಹಿಡಿಯಿತು. ದಾರಿಯಲ್ಲಿ ಗುಡ್ಡ ಕೊರೆಯಬೇಕಾಗಿತ್ತು. ಯಾವ ಗುಡ್ಡ ಹೇಳಿ ನೋಡೋಣ? ಅದೇ ಮರಗುತ್ತಿ! ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದರು. 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರಿಗೆ ಬಂದು ಪೂರ್ತಿ ಮಾರ್ಗ ಉದ್ಘಾಟಿಸಿದರು.

ಅಷ್ಟರಲ್ಲಿ ಟಾಕೀಜು ಮುಚ್ಚಿ ಹೋಗಿತ್ತು. ರೀಲೂ ಹೋಗಿತ್ತು. ಪಿಕ್ಚರ್ ಈಗ ಉಪಗ್ರಹದಿಂದ ಇಳಿಯುತ್ತದೆ, ಹಾರ್ಡ್ ಡಿಸ್ಕಿನಲ್ಲಿ ಜೇಬಿನೊಳಗೆ ಬರುತ್ತದೆ. ಅದಕ್ಕೆ ರೈಲೂ ಬೇಡ, ಹಮಾಲನೂ ಬೇಡ.

ಉದ್ಘಾಟನೆ ಆದ ಮುಂದಿನ ತಿಂಗಳು ಕಾಕಾನನ್ನು ಹುಮನಾಬಾದ್ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಎಪ್ಪತ್ತೈದು ದಾಟಿತ್ತು, ಕೈಯಲ್ಲಿ ಕೋಲು. ಹೊಸ ಕಟ್ಟಡ, ಇನ್ನೂ ಬಣ್ಣದ ವಾಸನೆ. ಕಲ್ಲಿನ ಕಮಾನಿಲ್ಲ, ಹಳೇ ಗಂಟೆಯಿಲ್ಲ, ಶೂಟಿಂಗ್‌ನವರು ನೋಡಿ ‘ಆಹಾ’ ಅನ್ನುವಂಥದ್ದು ಏನೂ ಇಲ್ಲ. ಹಳದಿ ಬೋರ್ಡಿನ ಮುಂದೆ ನಿಂತು ಕಾಕಾ ಊರ ಹೆಸರು ಗಟ್ಟಿಯಾಗಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕೇಳಿದ:

‘ಪಾರ್ಸೆಲ್ ಎಲ್ಲಿ ಇಳಸ್ತಾರ?’

‘ಈಗ ಡಬ್ಬಿ ಬರಂಗಿಲ್ಲ, ಕಾಕಾ.’

‘ಗೊತ್ತದ ಬಿಡೋ. ಜಾಗ ನೋಡಬೇಕಂತ ಕೇಳ್ದೆ.’

ಕಲಬುರಗಿ ಕಡೆ ಹೋಗುವ ಡೆಮು ಗಾಡಿ ಹತ್ತಿದೆವು. ಸುರಂಗ ಬಂತು. ಕತ್ತಲಾದ ಕೂಡಲೇ ಹುಡುಗರೆಲ್ಲ ಸೀಟಿ ಹೊಡೆದರು, ಟಾಕೀಜಿನಲ್ಲಿ ಲೈಟ್ ಆರಿದಾಗ ಹೊಡೆಯುತ್ತಿದ್ದ ಹಾಗೇ! ಕಾಕಾ ನನ್ನ ಕೈ ಹಿಡಿದ. ಬೆಳಕಿಗೆ ಬಂದ ಮೇಲೆ ಕೇಳಿದ:

‘ಇಲ್ಲೇ ಅಲ್ಲೇನೋ, ಲಾರಿ ಕೂತಿದ್ದು?’

‘ಹೂಂ, ಇದೇ ಗುಡ್ಡ.’

‘ಎಷ್ಟು ಹೊತ್ತು ಹಿಡೀತು ಈಗ?’

‘ಎರಡು ಮೂರು ನಿಮಿಷ ಆಗಿರಬೇಕು.’

ಕಾಕಾ ಕಿಟಕಿಯ ಹೊರಗೆ ನೋಡುತ್ತಾ ಕೂತ. ಕಮಲಾಪುರ ಬಂತು, ತಾಜ್‌ಸುಲ್ತಾನಪುರ ಬಂತು. ಕಲಬುರಗಿ ಬರುವ ಮೊದಲು ಒಂದೇ ಮಾತು ಆಡಿದ: ‘ಮಗಳಿಗಿ ಒಮ್ಮಿ ಕೂಡಿಸ್ಕೊಂಡು ಬರಬೇಕು ಇದ್ರಾಗ.’

ಕೂಡಿಸಿಕೊಂಡು ಹೋದ. ಎರಡು ಸಲ. ಈಗ ಕಾಕಾ ಇಲ್ಲ. ಅವನ ಮೊಮ್ಮಗಳು, ಅಂದರೆ ಪುಸ್ತಕ ಸಿಗದೆ ಶಾಲೆ ಬಿಟ್ಟವಳ ಮಗಳು, ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಹಬ್ಬಕ್ಕೆ ಊರಿಗೆ ಬರುವುದು ಅದೇ ರೈಲಿನಲ್ಲಿ. ಡಬ್ಬಿ ಬರಲಿಲ್ಲ, ಹೌದು. ಆದರೆ ಆ ಸ್ಟೇಷನ್ನಿನಲ್ಲಿ ಅವಳು ಬ್ಯಾಗು ಹಿಡಿದು ಇಳಿಯುವುದನ್ನು ನೋಡಿದಾಗ, ಉಳಿದರ್ಧ ರೀಲು ಈಗ ಓಡುತ್ತಿದೆ ಅಂತ ನನಗೆ ಅನಿಸುತ್ತದೆ.

* * *

ಈಗ ಆಟೋನಗರದ ಹುಡುಗನಿಗೆ ಉತ್ತರ.

ತಮ್ಮಾ, ಸ್ಟೇಷನ್ ಹಳೆಯದಾಗುವುದು ಕಲ್ಲಿನ ಕಮಾನಿನಿಂದ ಅಲ್ಲ, ಅಲ್ಲಿ ಕಾದವರಿಂದ. ನಮ್ಮ ಹುಮನಾಬಾದ್ ಸ್ಟೇಷನ್ನಿಗೆ ವಯಸ್ಸು ಕಡಿಮೆ, ಆದರೆ ಕಟ್ಟುವ ಮೊದಲೇ ಅದಕ್ಕಾಗಿ ಕಾದವರ ಲೆಕ್ಕ ಇಟ್ಟರೆ ಅದೇನು ಸಣ್ಣದಲ್ಲ. ನಿಮ್ಮ ಊರಿಗೂ ರೈಲು ಬೇಕು ಅಂತ ಜನ ಕೇಳುತ್ತಲೇ ಇದ್ದಾರೆ. ನೀನೂ ಕೇಳು. ಲವ್ ಮಾಡುವುದಕ್ಕೆ ಅಂತ ಕೇಳಬೇಡ, ಅರ್ಜಿ ಕಸದ ಬುಟ್ಟಿಗೆ ಹೋಗ್ತದ! ಕಲಿಯುವ ಹುಡುಗಿಯರಿಗೆ ಬೇಕು, ದವಾಖಾನೆಗೆ ಹೋಗುವ ಮುದುಕರಿಗೆ ಬೇಕು, ಮುಂಬಯಿಗೆ ದುಡಿಯಲು ಹೋಗುವವರಿಗೆ ಬೇಕು ಅಂತ ಕೇಳು. ಬೇಗ ಕೇಳು. ತಡವಾಗಿ ಬಂದ ರೈಲಿನ ಬಾಕಿಯನ್ನು ಯಾರೋ ಒಬ್ಬರು ತಮ್ಮ ಪಗಾರದಲ್ಲಿ ತೀರಿಸಿರುತ್ತಾರೆ.

ಇನ್ನೊಂದು ಮಾತು. 1979ರ ಬೇಸಿಗೆಯಲ್ಲಿ ಹುಮನಾಬಾದಿಗೆ ಸೈಕಲ್ ಮೇಲೆ ಬಂದು, ‘ಶಂಕರ್ ಗುರು’ ಪಿಕ್ಚರಿನ ಅರ್ಧ ಹೆಗಲ ಮೇಲೆ ಹೊತ್ತ ನಾಲ್ಕು ಹುಡುಗರು ನಿಮ್ಮೂರಿನವರು. ಈಗ ಅರವತ್ತು ದಾಟಿರಬೇಕು. ನಿಮ್ಮಪ್ಪನನ್ನೋ ಕಾಕಾನನ್ನೋ ಕೇಳಿ ನೋಡು. ಅವರಲ್ಲಿ ಯಾರಾದರೂ ಸಿಕ್ಕರೆ ನನಗೊಂದು ಕಾರ್ಡ್ ಹಾಕಲಿ. ಆ ರಾತ್ರಿ ಕಾಕಾ ಅವರಿಗೆ ಚಹಾ ಕುಡಿಸಬೇಕು ಅಂದುಕೊಂಡಿದ್ದ, ಜೇಬಿನಲ್ಲಿ ರೊಕ್ಕ ಇರಲಿಲ್ಲ. ಆ ನಾಲ್ಕು ಚಹಾದ ಬಾಕಿ ನನ್ನ ಮೇಲಿದೆ.

ಸ್ಟೇಷನ್ನಿಗೇ ಬರ್ರಿ. ಅಲ್ಲೇ ಕುಡಿಯೋಣ.

ಮುಂದಿನ ವಾರ ಮತ್ತೆ ಗಾಂಧಿ ಕ್ಲಾಸಿನಲ್ಲಿ ಸಿಗೋಣ. ಸೀಟಿ ಮರೆಯಬೇಡಿ!